ಉಸಿರಿನಲ್ಲಿ ಎರಡು ಜಡೆ

ನನ್ನ ಗಂಡನ ಊರಿನಲ್ಲಿ ಐಸ್‌ಕ್ಯಾಂಡಿ ಭರ್ಜರಿಯಾಗಿ ಮಾರಾಟವಾಗುವುದು ಡಿಸೆಂಬರಿನಲ್ಲಿ. ಬೇಸಿಗೆಯಲ್ಲಿ ಗೌಸ್ ಸಾಬರು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ನೊಣ ಹೊಡೆಯುತ್ತಾರೆ. ಚಳಿ ಬಿತ್ತೆಂದರೆ ಬೆಳಕು ಹರಿಯುವ ಮುಂಚೆಯೇ ಅವರ ಬಾಗಿಲಲ್ಲಿ ಜನ. ಬಂದವರೆಲ್ಲ ಗಂಟಲು ನೋವು ಎನ್ನುತ್ತಾರೆ. ಗಂಟಲು ನೋವಿಗೆ ಐಸ್‌ಕ್ಯಾಂಡಿ ಯಾವ ಡಾಕ್ಟರು ಬರೆದುಕೊಟ್ಟ ಎಂದು ಸಾಬರು ಕೇಳುವುದಿಲ್ಲ, ತಲೆಯೆತ್ತಿ ಮುಖ ನೋಡುವುದೂ ಇಲ್ಲ. ಪೇಪರಿನಲ್ಲಿ ಸುತ್ತಿ ಕೈಗಿಡುತ್ತಾರೆ. ಅಷ್ಟು ಮರ್ಯಾದಸ್ಥರಾದ್ದರಿಂದಲೇ ಅವರ ಅಂಗಡಿ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ನನಗೆ ಮದುವೆಯಾದದ್ದು ಮೇ ತಿಂಗಳಲ್ಲಿ. ಆಗ ಅತ್ತೆಮನೆಗೆ ಹೋಗಿ ಕೆಲವು ದಿನ ಇದ್ದು ಬಂದಿದ್ದೆ. ಸೆಕೆಗೆ ಬೆವತದ್ದು ಬಿಟ್ಟರೆ ಆ ಊರಿನಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಚಳಿಯಲ್ಲಿ ಮೊದಲ ಸಲ ಹೋದದ್ದು ಆ ವರ್ಷದ ಕ್ರಿಸ್ಮಸ್ಸಿಗೆ ಮುಂಚಿನ ವಾರ, ಶಾಲೆಗಳಿಗೆ ರಜೆ ಬೀಳುವ ಮೊದಲೇ. ಕಜ್ಜಾಯದ ಪಾಕ ಹಿಡಿಯುವುದರೊಳಗೆ ಸೊಸೆ ಬಂದಿರಬೇಕು ಎಂದು ಅತ್ತೆ ಲೂರ್ದಮ್ಮ ಹೇಳಿಕಳಿಸಿದ್ದರು. ಬಸ್ಸಿನಲ್ಲಿ ನನ್ನವರು, ಅಂದರೆ ಶೌರಿ, ಕಿಟಕಿಯ ಕಡೆ ನೋಡುತ್ತಲೇ, "ಮಫ್ಲರ್ ತಂದಿದ್ದೀಯಾ ಸಿಸಿಲಿ? ನಮ್ಮೂರಲ್ಲಿ ಬೆಳಿಗ್ಗೆ ಹೊತ್ತು ಬಾಯಿ ಮುಚ್ಕೊಂಡಿರೋದು ಒಳ್ಳೇದು" ಎಂದರು. "ಮದುವೆಯಾಗಿ ವರ್ಷ ತುಂಬಿಲ್ಲ, ಆಗಲೇ ಬಾಯಿ ಮುಚ್ಚಿಸ್ತೀರಾ?" ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಬೆಳಗಿನ ಜಾವ ಬಸ್ಸಿಳಿದೆವು. ಅತ್ತೆ ಮಾವ ಇಬ್ಬರೂ ಮೂಗಿನಿಂದ ಗಲ್ಲದವರೆಗೆ ಬಟ್ಟೆ ಸುತ್ತಿಕೊಂಡು ಕಾದಿದ್ದರು. ಏನೋ ಮರೆತಿದ್ದೇನೆ ಎಂದು ನನ್ನ ಮನಸ್ಸು ಕೊರೆಯುತ್ತಿತ್ತು. "ಚೆನ್ನಾಗಿದ್ದೀರಾ ಅತ್ತೆ" ಎಂದು ಬಾಯಿ ತೆರೆದೆ ನೋಡಿ, ಬಾಯಿಂದ ಹೊರಟ ಹಬೆ ಚದುರಲಿಲ್ಲ. ಅಂಗೈಯಗಲಕ್ಕೆ ಒಟ್ಟುಗೂಡಿ, ಎರಡು ಹಿಡಿ, ಉಬ್ಬಿದ ಹೊಟ್ಟೆ ಸಮೇತ ಒಂದು ಪುಟ್ಟ ಕೈಚೀಲವಾಗಿ ಗಾಳಿಯಲ್ಲಿ ನಿಂತು, ಆಮೇಲೆ ಕರಗಿತು. "ಚೀಲ ಬಸ್ಸಲ್ಲೇ ಬಿಟ್ಯೇನವ್ವಾ? ಏ ಶೌರಿ, ಓಡೋ!" ಎಂದರು ಅತ್ತೆ. ನಮ್ಮಮ್ಮ ಕಳಿಸಿದ್ದ ಕೇಕು ಆ ಚೀಲದಲ್ಲಿತ್ತು. ಶೌರಿ ಓಡಿಹೋಗಿ ಬಸ್ಸು ನಿಲ್ಲಿಸಿ ತಂದರು.

ಮನೆಗೆ ನಡೆಯುವ ದಾರಿಯಲ್ಲಿ ಅತ್ತೆ ಊರಿನ ಕಟ್ಟಳೆ ಹೇಳಿಕೊಟ್ಟರು. "ನೋಡವ್ವಾ, ಚಳಿಗೆ ಇಲ್ಲಿ ಮನಸ್ಸಲ್ಲಿರೋದು ಉಸಿರಲ್ಲಿ ಮೂಡುತ್ತೆ. ಯಾರದೇ ಉಸಿರಲ್ಲಿ ಸಾಮಾನು ಕಂಡ್ರೆ ಹೇಳಬೋದು. ಮನುಷ್ಯರು ಕಂಡ್ರೆ ಹೇಳಬಾರದು. ಕಂಡೂ ಕಾಣದಂಗೆ ಹೋಗ್ತಾ ಇರಬೇಕು." ಆ ಊರು ನಿಂತಿರುವುದೇ ಈ ಮಾತಿನ ಮೇಲೆ. ಬಿಸಿಲು ಏರುವವರೆಗೆ ಅಲ್ಲಿ ಯಾರೂ ಇಸ್ಪೀಟು ಆಡುವುದಿಲ್ಲ, ಹೆಣ್ಣು ನೋಡಲು ಬರುವವರು ಮಾತ್ರ ಬೇಕೆಂದೇ ಆ ಹೊತ್ತಿಗೆ ಬರುತ್ತಾರೆ. ಪಾಪನಿವೇದನೆಗೆ ಎಲ್ಲರೂ ಸಂಜೆಯೇ ಹೋಗುತ್ತಾರೆ, ಬೆಳಿಗ್ಗೆ ಹೋದರೆ ಹೇಳುವ ಮೊದಲೇ ಫಾದರಿಗೆ ತಿಳಿದುಬಿಡುತ್ತದೆ. ಉಸಿರಿನ ಮುಖಗಳಲ್ಲಿ ಕಣ್ಣು ಮೂಗು ಸ್ಪಷ್ಟವಿರುವುದಿಲ್ಲ. ನಿಲುವು, ಕೂದಲು, ಸೆರಗು ಇಷ್ಟರಿಂದಲೇ ಜನ ಗುರುತು ಹಿಡಿಯುತ್ತಾರೆ, ಅಷ್ಟು ಸಾಕು.

ನಮ್ಮ ಮಾವ ಇನ್ನಾಸಪ್ಪನವರ ಉಸಿರಿನಲ್ಲಿ ಯಾವಾಗಲೂ ಒಂದು ಎತ್ತು. ಒಂದು ಕೊಂಬು ಕೆಳಗೆ ಬಾಗಿದ ಆ ಎತ್ತು ಸತ್ತು ಎಷ್ಟೋ ಕಾಲವಾಗಿದೆ. ಮುದುಕ ಕೆಮ್ಮಿದರೆ ಎತ್ತು, ಆಕಳಿಸಿದರೆ ಎತ್ತು. ಅತ್ತೆ ಅದನ್ನು ನೋಡಿ, "ಬಂದ್ಳು ನೋಡು ನನ್ನ ಸವತಿ" ಎಂದು ಹುಲ್ಲು ಹಾಕುವ ಹಾಗೆ ಕೈ ಆಡಿಸುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪರರ ಮನೆಯ ಸವತಿ ಎಂದರೆ ನಗು ಬರುವುದು ಸುಲಭ.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸಲು ಶೌರಿ ಹಿತ್ತಿಲಲ್ಲಿ ಹಂಡೆಯ ಒಲೆ ಹೊತ್ತಿಸುತ್ತಿದ್ದರು. ಬೆಂಕಿ ಊದಬೇಕೆಂದು ಮಫ್ಲರ್ ಕೆಳಗೆ ಸರಿಸಿದ್ದರು. ನಾನು ಕಾಫಿ ಹಿಡಿದು ಬಾಗಿಲಿಗೆ ಬಂದೆ. ಒಲೆಯ ಹೊಗೆಯ ಪಕ್ಕದಲ್ಲಿ ಅವರ ಉಸಿರು ಬಂದು ನಿಂತಿತು. ಹೆಂಗಸು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ತೋಳಿನಷ್ಟು ದಪ್ಪದ ಎರಡು ಜಡೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ನಾನು ನನ್ನ ತಲೆ ಮುಟ್ಟಿ ನೋಡಿಕೊಂಡೆ. ನನಗಿರುವುದು ಮುಷ್ಟಿಯೊಳಗೆ ಅಡಗುವ ಒಂದು ತುರುಬು, ಅದಕ್ಕೊಂದು ಗಾಜಿನ ಪಿನ್ನು. ಜಡೆ ಹೆಣೆದರೆ ಇಲಿಬಾಲ. ಅವರು ಮತ್ತೆ ಊದಿದರು, ಮತ್ತೆ ಅವಳೇ. ಕಾಫಿ ಕೊಟ್ಟು ಒಳಗೆ ಬಂದೆ. ಕಟ್ಟಳೆ ಇದೆಯಲ್ಲ, ಮನುಷ್ಯರು ಕಂಡರೆ ಹೇಳುವಂತಿಲ್ಲ. ಆ ಕಟ್ಟಳೆ ಮಾಡಿದವನಿಗೆ ಹೆಂಡತಿ ಇರಲಿಲ್ಲವೆಂದು ಕಾಣುತ್ತದೆ.

ಅವಳು ಯಾರೆಂದು ಹುಡುಕಿಕೊಂಡು ಹೋಗುವ ಶ್ರಮವೂ ನನಗೆ ಬೀಳಲಿಲ್ಲ. ಬಿಸಿಲೇರಿದ ಮೇಲೆ ಅವಳೇ ಹಿತ್ತಿಲ ಬೇಲಿ ದಾಟಿಕೊಂಡು, "ಅತ್ತೇ, ಪಾಕಕ್ಕೆ ಇಟ್ರಾ?" ಎಂದು ಕೂಗುತ್ತ ಅಡುಗೆಮನೆಗೆ ಬಂದಳು. ಮುಂದೊಂದು ಜಡೆ, ಹಿಂದೊಂದು ಜಡೆ. ಪಕ್ಕದ ಮನೆಯ ದಯಾಮರಿ, ಊರಿಗೆಲ್ಲ ರವಿಕೆ ಹೊಲಿದುಕೊಡುವವಳು. ಮದುವೆಯಾಗಿರಲಿಲ್ಲ. ಒಂದೇ ಜಡೆಗೆ ಹಿಡಿಸದಷ್ಟು ಕೂದಲು, ಅದಕ್ಕೇ ಎರಡು ಹಾಕುವುದು ಎಂದು ಅತ್ತೆ ನನಗೆ ಹೆಮ್ಮೆಯಿಂದ ಹೇಳಿದರು. ನಾನೂ ಅತ್ತೆ ಎನ್ನುತ್ತೇನೆ, ಇವಳೂ ಅತ್ತೆ ಎನ್ನುತ್ತಾಳೆ. ನಾನು ಗಂಡನ ಹೆಸರನ್ನು ನಾಲಿಗೆಯ ಮೇಲೆ ತರದೆ ರೀ ರೀ ಎಂದುಕೊಂಡು ಓಡಾಡುತ್ತಿದ್ದರೆ ಇವಳು, "ಲೇ ಶೌರಿ, ಹೆಂಡ್ತಿ ಕೈ ಅಡುಗೆ ತಿಂದು ಗುಂಡಾಗಿದ್ದೀಯಲ್ಲೋ!" ಎನ್ನುತ್ತಾಳೆ. ನನ್ನ ಗಂಡ ನಕ್ಕರು. ಬಸ್ಸಿನಲ್ಲಿ ನನ್ನ ತಮಾಷೆಗೆ ನಗದವರು.

ಆ ಹೊತ್ತಿನಿಂದ ನನ್ನ ಹೊಟ್ಟೆಯಲ್ಲಿ ಹತ್ತಿಕೊಂಡ ಬೆಂಕಿ ಹಂಡೆಯ ಒಲೆಗಿಂತ ಚೆನ್ನಾಗಿ ಉರಿಯಿತು. ನಾನು ತಟ್ಟಿದ ಕಜ್ಜಾಯ ಎಣ್ಣೆಯಲ್ಲಿ ಒಡೆದುಹೋಯಿತು, ಅವಳದು ಹುಣ್ಣಿಮೆ ಚಂದ್ರನ ಹಾಗೆ ಉಬ್ಬಿತು. "ಎಳ್ಳು ಸ್ವಲ್ಪ ಜಾಸ್ತಿ ಹಾಕು ಸಿಸಿಲಿ, ಶೌರಿಗೆ ಎಳ್ಳು ಇಷ್ಟ" ಎಂದಳು. ಏಳು ತಿಂಗಳಿಂದ ಅನ್ನ ಹಾಕುತ್ತಿರುವ ನನಗೆ ಎಳ್ಳಿನ ವಿಷಯ ಗೊತ್ತಿರಲಿಲ್ಲ. ಅವಳು ಒಳ್ಳೆಯವಳು, ಅದೇ ನನಗೆ ಸಹಿಸಲಾಗದ್ದು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಂಜೆ ಮಲ್ಲಿಗೆ ಕಟ್ಟಿಕೊಂಡು ಬಂದು ನನಗೇ ಮುಡಿಸಿದಳು. ನನ್ನ ತುರುಬನ್ನು ಹಿಡಿದು, "ಎಷ್ಟು ಅಚ್ಚುಕಟ್ಟಾಗಿದೆ, ನನಗೆ ಹಿಂಗೆ ಕಟ್ಟೋಕೇ ಬರಲ್ಲ" ಎಂದಳು. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಅವಳ ಉಸಿರಿನಲ್ಲಿ ಯಾರಿದ್ದಾರೆ ಎಂದು ನೋಡಲು ನಾನು ಬೆಳಿಗ್ಗೆ ಬೆಳಿಗ್ಗೆ ಬೇಲಿಯ ಹತ್ತಿರ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತೆ. ಅವಳು ಮನೆ ಮುಂದೆ ನೀರು ಹಾಕಲು ಬರುವಾಗಲೂ ಬಾಯಿಗೆ ಎರಡು ಸುತ್ತು ಮಫ್ಲರ್ ಸುತ್ತಿರುತ್ತಿದ್ದಳು. ನೇಯ್ಗೆಯ ಸಂದಿಯಿಂದ ಬರಿಯ ಹಬೆ ಜಿನುಗುತ್ತಿತ್ತು, ಆಕಾರವಿಲ್ಲ. ಚಳಿಗಾಲದಲ್ಲಿ ಅವಳ ಬಾಯಿಯನ್ನು ನೋಡಿದವರೇ ಇಲ್ಲವಂತೆ. ಅದಕ್ಕೇ ಅವಳಿಗೆ ಗಂಡು ಗೊತ್ತಾಗಲಿಲ್ಲ ಎಂದು ಅತ್ತೆ ಹೇಳಿದರು. ಯಾಕೆ ಮುಚ್ಚಿಕೊಳ್ಳುತ್ತಾಳೆ ಎಂದು ಕೇಳಿದೆ. ಅತ್ತೆ ಒಲೆಗೆ ಸೌದೆ ತುರುಕುತ್ತ, "ನೆಗಡಿ ಮೈ" ಎಂದರು.

ಇಷ್ಟೇ ಆಗಿದ್ದರೆ ಹಬ್ಬ ಮುಗಿಸಿಕೊಂಡು ನಮ್ಮ ಸೆಕೆಯ ಊರಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಉಸಿರಿಗೆ ಆಕಾರವಿಲ್ಲ, ಗಂಡಂದಿರು ಸುಖವಾಗಿದ್ದಾರೆ. ಆದರೆ ಆ ವಾರದ ಭಾನುವಾರ ಕಾದಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ, ಆ ವರ್ಷ ಮದುವೆಯಾದ ಜೋಡಿಗಳು ಚರ್ಚಿನ, ನಮ್ಮವರ ಬಾಯಲ್ಲಿ ಗುಡಿಯ, ಮೆಟ್ಟಿಲ ಮೇಲೆ ಮಫ್ಲರ್ ತೆಗೆದು ನಿಂತು, ಮೊದಲು ಗಂಡ, ಆಮೇಲೆ ಹೆಂಡತಿ, ಊರ ಮುಂದೆ ಒಂದೊಂದು ಉಸಿರು ಬಿಡಬೇಕು. ಇದಕ್ಕೆ ಉಸಿರು ಒಪ್ಪಿಸುವುದು ಎನ್ನುತ್ತಾರೆ. ಫಾದರು ಅಷ್ಟು ಹೊತ್ತೂ ಒಳಗೆ ಮೇಣದಬತ್ತಿ ಆರಿಸುತ್ತಿರುತ್ತಾರೆ, ಎಷ್ಟು ಆರಿಸಿದರೂ ಮುಗಿಯುವುದಿಲ್ಲ. ವರ್ಷಕ್ಕೊಂದು ಸಲ ಆ ಮೆಟ್ಟಿಲ ಮೇಲೆ ಮಾತ್ರ ಕಟ್ಟಳೆಗೆ ರಜೆ, ಕಂಡದ್ದನ್ನು ಕಂಡ ಹಾಗೆ ಕೂಗಿ ಹೇಳಬಹುದು. ನನ್ನ ಗಂಡನ ಉಸಿರಿನಿಂದ ದಯಾಮರಿ ಇಳಿದು ಬರುವುದನ್ನು ಇಡೀ ಊರು ನೋಡುತ್ತದೆ. ನಾನು ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿರುತ್ತೇನೆ.

ಶೌರಿಯನ್ನು ಕೇಳಲಾರೆ. ಕೇಳಿದರೂ ಏನು ಹೇಳುತ್ತಾರೆ? ಉಸಿರು ಅವರ ಕೈಯಲ್ಲಿಲ್ಲ. ನಾನೇ ಅವರ ಉಸಿರಿನೊಳಗೆ ಹೋಗಬೇಕು ಎಂದು ನಿರ್ಧರಿಸಿದೆ. ಬೆಳಿಗ್ಗೆ ಅವರು ಏಳುವಾಗ ಎದುರಿಗೆ ನಿಂತೆ, ಹಂಡೆಯ ಒಲೆ ನಾನೇ ಹೊತ್ತಿಸಿದೆ, ಉಪ್ಪಿಟ್ಟಿಗೂ ಎಳ್ಳು ಹಾಕಿದೆ. "ಉಪ್ಪಿಟ್ಟಿಗೆ ಎಳ್ಳು ಯಾಕೆ ಹಾಕಿದ್ದೀಯ?" ಎಂದು ಕೇಳಿದರು. ಉಸಿರಿನಲ್ಲಿ ಅವಳೇ. ಕೊನೆಗೆ ಅತ್ತೆಯ ಟ್ರಂಕಿನಿಂದ ಅವರ ಹಳೆಯ ಚೌಲಿ ಕೂದಲು ತೆಗೆದುಕೊಂಡು, ನನ್ನ ಇಲಿಬಾಲಕ್ಕೆ ಸೇರಿಸಿ, ಎರಡು ದಪ್ಪ ಜಡೆ ಹೆಣೆದುಕೊಂಡೆ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದನ್ನೂ ಅಭ್ಯಾಸ ಮಾಡಿದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಕಜ್ಜಾಯದ ಡಬ್ಬಿಯ ಮುಚ್ಚಳ ಹಾಕಿದರು. "ನಲವತ್ತು ವರ್ಷದಿಂದ ಒಂದು ಎತ್ತಿನ ಜೊತೆ ಸಂಸಾರ ಮಾಡ್ಕೊಂಡು ಬಂದಿದ್ದೀನಿ. ಹಂಗಂತ ನಾನೇನು ತಲೆಗೆ ಕೊಂಬು ಕಟ್ಕೊಂಡ್ನಾ?" ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು, ಮಗನ ಉಸಿರು ನನಗಿಂತ ಮುಂಚಿನಿಂದ ನೋಡಿದವರು. "ಎತ್ತಾದರೆ ನಾನೂ ನಗುತ್ತಿದ್ದೆ ಅತ್ತೆ" ಎಂದೆ. ಹಾಗೆನ್ನುವಾಗ ಬಾಗಿಲಲ್ಲಿ ನಿಂತಿದ್ದೆ, ಚಳಿ ಇನ್ನೂ ಇತ್ತು. ನನ್ನ ಬಾಯಿಂದ ಬಂದ ಹಬೆ ನಮ್ಮಿಬ್ಬರ ನಡುವೆ ನಿಂತಿತು. ಎರಡು ಜಡೆ. ನಾನೇ ಬೆಚ್ಚಿಬಿದ್ದೆ. ಆ ಚೆಲುವೆ ನನ್ನೊಳಗೂ ಬಂದು ಕೂತಿದ್ದಳು. ಯಾಕೆ ಕೂರಬಾರದು? ಬೆಳಿಗ್ಗೆಯಿಂದ ರಾತ್ರಿವರೆಗೆ ಅವಳನ್ನೇ ಜಪ ಮಾಡುತ್ತಿದ್ದೆನಲ್ಲ. ಅತ್ತೆ ಕಂಡೂ ಕಾಣದ ಹಾಗೆ ಒಳಗೆ ಹೋದರು.

ಭಾನುವಾರ ಪೂಜೆಗೆ ಮುಂಚೆ ಗೌಸ್ ಸಾಬರ ಅಂಗಡಿಗೆ ಹೋದೆ. "ಗಂಟಲು ನೋವು" ಎಂದೆ. ಬಾಯಿ ಮರಗಟ್ಟುವವರೆಗೆ ಐಸ್‌ಕ್ಯಾಂಡಿ ಚೀಪಿದರೆ ಉಸಿರಿಗೆ ಹಬೆ ಬರುವುದಿಲ್ಲ, ಊರಿಗೆಲ್ಲ ಗೊತ್ತಿರುವ ಉಪಾಯ. ಶೌರಿಗೊಂದು, ನನಗೊಂದು ಎಂದುಕೊಂಡಿದ್ದೆ. ಪೇಪರಿನ ಪೊಟ್ಟಣ ಹಿಡಿದು ತಿರುಗಿದರೆ ಬೆನ್ನ ಹಿಂದೆ ದಯಾಮರಿ. ಮಫ್ಲರ್ ಮೂಗಿನವರೆಗೆ ಎಳೆದಿದ್ದಳು, ತಲೆಗೆ ಶಾಲು ಹೊದ್ದಿದ್ದಳು.

"ಗಂಟಲು ನೋವಾ ಸಿಸಿಲಿ?" ಎಂದಳು.

"ಹೂಂ. ನಿಮಗೆ?"

"ನನಗೂ."

ಸಾಬರು ತಲೆಯೆತ್ತದೆ ಅವಳಿಗೂ ಒಂದು ಸುತ್ತಿಕೊಟ್ಟರು. ಅವಳು ಯಾವ ಮೆಟ್ಟಿಲ ಮೇಲೂ ನಿಲ್ಲಬೇಕಾಗಿರಲಿಲ್ಲ. ಮಫ್ಲರಿನ ಮೇಲೆ ಐಸ್‌ಕ್ಯಾಂಡಿಯೂ ಬೇಕು ಎಂದರೆ ಒಳಗೆ ಎಂಥ ಉಸಿರು ಇಟ್ಟುಕೊಂಡಿದ್ದಾಳೆ ಎಂದು ನನ್ನ ಮೈ ಉರಿಯಿತು. ಗುಡಿಯವರೆಗೆ ಜೊತೆಯಲ್ಲೇ ನಡೆದೆವು. ಐಸ್‌ಕ್ಯಾಂಡಿ ಕೈಯಲ್ಲಿ ಕರಗಿ ಸೀರೆಗೆ ತೊಟ್ಟಿಕ್ಕುತ್ತಿತ್ತು. ಗಂಡನ ಬಾಯಿ ಮರಗಟ್ಟಿಸಿದರೆ ಊರು ನೋಡುವುದಿಲ್ಲ, ನಿಜ. ನಾನೂ ನೋಡುವುದಿಲ್ಲವಲ್ಲ! ಈ ಜಡೆ ಹೆಣೆದದ್ದಕ್ಕೆ ಫಲ ಸಿಕ್ಕಿತೋ ಇಲ್ಲವೋ ಎಂದು ಯಾವತ್ತು ತಿಳಿಯುವುದು? ಹೊಟ್ಟೆಕಿಚ್ಚಿಗೆ ಮರ್ಯಾದೆಗಿಂತ ಹಸಿವು ಹೆಚ್ಚು. ಗುಡಿಯ ಗೇಟಿನ ಹತ್ತಿರ ಪೊಟ್ಟಣವನ್ನು ಚರಂಡಿಗೆ ಎಸೆದೆ.

ಪೂಜೆಯಲ್ಲಿ ಫಾದರು ಏನು ಪ್ರಸಂಗ ಮಾಡಿದರೋ ದೇವರಿಗೇ ಗೊತ್ತು. ಹೊರಗೆ ಮಂಜು ಮುಸುಕಿದ ಬೆಳಕು, ಕ್ರಿಸ್ಮಸ್ ಗೋದಲಿಗೆ ತಂದ ಹುಲ್ಲಿನ ಹೊರೆ, ಮೆಟ್ಟಿಲ ಕೆಳಗೆ ಊರಿಗೆ ಊರೇ. ನಮಗಿಂತ ಮುಂಚೆ ಇನ್ನೊಂದು ಜೋಡಿ ನಿಂತಿತು. ಹುಡುಗನ ಉಸಿರಿನಲ್ಲಿ ಹುಡುಗಿ, ಹುಡುಗಿಯ ಉಸಿರಿನಲ್ಲಿ ಒಂದು ತಟ್ಟೆ ಇಡ್ಲಿ. ಪಾಪ, ಪೂಜೆಗೆಂದು ಉಪವಾಸವಿದ್ದಳು. ಜನ ನಕ್ಕು ನಕ್ಕು ಸುಸ್ತಾದರು. ಆಮೇಲೆ ನಮ್ಮನ್ನು ಕರೆದರು. ನಾನು ಶಾಲು ತೆಗೆದು, ಒಂದು ಜಡೆಯನ್ನು ಮುಂದಕ್ಕೆ ಹಾಕಿಕೊಂಡು ನಿಂತೆ.

ಶೌರಿ ಮಫ್ಲರ್ ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಉಸಿರು ಬಿಟ್ಟರು. ಹಬೆ ನಿಧಾನವಾಗಿ ಒಟ್ಟುಗೂಡಿತು. ಹೆಂಗಸು. ಸೊಂಟದ ಮೇಲೆ ಕೈ. ಎರಡು ಜಡೆ.

ಜನ ಕತ್ತು ಚಾಚಿ ನೋಡಿದರು. ಅಷ್ಟರಲ್ಲಿ ಯಾರೋ ಒಬ್ಬ ಅಜ್ಜಿ, "ಸಿಸಿಲೀನೇ ಕಣ್ರೋ! ಜಡೆ ನೋಡ್ರೋ, ನಿಂತಿರೋ ಗತ್ತು ನೋಡ್ರೋ!" ಎಂದು ಕೂಗಿದಳು. ಎಲ್ಲರೂ ಒಮ್ಮೆ ಹಬೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಚಪ್ಪಾಳೆ ತಟ್ಟಿದರು. ಮಾವ ಖುಷಿಗೆ ಜೋರಾಗಿ ಉಸಿರು ಬಿಟ್ಟು ಎತ್ತನ್ನೂ ಹೊರಗೆ ತಂದರು. ನನಗೆ ಆದ ಸಂತೋಷ ಹೇಳತೀರದು. ಒಂದೇ ಒಂದು ಉಸಿರಿನಷ್ಟು ಹೊತ್ತು ಇತ್ತು ಅದು.

ಯಾಕೆಂದರೆ ಮುಂದಿನ ಉಸಿರು ನನ್ನದು. ಗಂಡನನ್ನು ನೆನೆಯಬೇಕೆಂದು ಕಣ್ಣು ಮುಚ್ಚಿದೆ. ಅವರ ಮೂಗು ನೆನೆದೆ, ಅವರ ಅಂಗಿಯ ಗುಂಡಿ ನೆನೆದೆ, ಬಾಲಯೇಸುವನ್ನು ನೆನೆದೆ. ಉಸಿರು ಬಿಟ್ಟೆ. ಕಣ್ಣು ತೆರೆದರೆ ಎದುರಿಗೆ ಎರಡು ಜಡೆ, ಸೊಂಟದ ಮೇಲೆ ಕೈ. ಮೆಟ್ಟಿಲ ಕೆಳಗೆ ನಗುವೋ ನಗು. "ಗಂಡನ ಉಸಿರಲ್ಲೂ ಇವಳೇ, ಇವಳ ಉಸಿರಲ್ಲೂ ಇವಳೇ! ಭಾರಿ ಜಂಬದ ಹೆಣ್ಣು ತಂದಿದ್ದೀಯ ಲೂರ್ದಮ್ಮಾ!" ಎಂದರು. ಆ ಊರಿನಲ್ಲಿ ನನಗೆ ಅಂದಿನಿಂದ ಜಂಬದ ಸಿಸಿಲಿ ಎಂದೇ ಹೆಸರು. ಅವರು ಏನಾದರೂ ಅಂದುಕೊಳ್ಳಲಿ. ನನ್ನ ಉಸಿರಿನಿಂದ ಇಳಿದವಳು ನಾನಲ್ಲ, ದಯಾಮರಿ. ಅದು ನನಗೆ ಗೊತ್ತು. ಜಡೆ ನೋಡಿ ಊರೆಲ್ಲ ಮೋಸಹೋಯಿತು. ಹಾಗಾದರೆ ಶೌರಿಯ ಉಸಿರಿನಿಂದ ಇಳಿದವಳು ಯಾರು? ಅವಳನ್ನು ಸೋಲಿಸಲೆಂದು ಅವಳ ಹಾಗೆಯೇ ಆಗಿ, ಅವಳು ಯಾರು ನಾನು ಯಾರು ಎಂದು ಗುರುತಿಸುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ.

ಜನರ ನಡುವೆ ಅವಳನ್ನು ಹುಡುಕಿದೆ. ಗುಡಿಯ ಗೋಡೆಗೊರಗಿ ನಿಂತಿದ್ದಳು. ತಲೆಯ ಶಾಲು ಜಾರಿತ್ತು. ಅಷ್ಟೊಂದು ಕೂದಲನ್ನು ಹೇಗೆ ಹಿಡಿಸಿದ್ದಳೋ, ಬಿಗಿಯಾಗಿ ಸುತ್ತಿ ತುರುಬು ಕಟ್ಟಿದ್ದಳು. ಅದಕ್ಕೊಂದು ಗಾಜಿನ ಪಿನ್ನು. ನನ್ನದರ ಹಾಗೆಯೇ. ಅವಳು ನನ್ನನ್ನು ನೋಡುತ್ತಿದ್ದ ನೋಟ ನನಗೆ ಹೊಸದಲ್ಲ, ವಾರವೆಲ್ಲ ನಾನು ಅವಳನ್ನು ನೋಡಿದ ನೋಟವೇ ಅದು. ಅವಳು ಅಜ್ಜಿಯ ಮಾತು ನಂಬಿದ್ದಳು. ಆ ಉಸಿರು ನಾನೇ ಎಂದು ನಂಬಿ ಹೊಟ್ಟೆ ಉರಿದುಕೊಂಡು ನಿಂತಿದ್ದಳು. ಆ ಹೊಟ್ಟೆಕಿಚ್ಚನ್ನು ನೋಡಿ ನಾನೂ ಸ್ವಲ್ಪ ಹೊತ್ತು ನಂಬಿದೆ.

ಕ್ರಿಸ್ಮಸ್ ಮುಗಿಸಿ ಹೊರಟಾಗ ದಯಾಮರಿ ಡಬ್ಬಿ ತುಂಬ ಕಜ್ಜಾಯ ತಂದುಕೊಟ್ಟಳು, ಎಳ್ಳು ಜಾಸ್ತಿ ಹಾಕಿದ್ದು. ಬಸ್ಸಿನಲ್ಲಿ ಶೌರಿ, "ಈ ಎರಡು ಜಡೆ ಯಾಕೆ ಹಾಕ್ಕೊಂಡೆ?" ಎಂದು ಕೇಳಿದರು. "ನಿಮಗೆ ಇಷ್ಟ ಅಂತ" ಎಂದೆ. "ಹಾಗಂತ ನಾನು ಯಾವತ್ತು ಹೇಳಿದೆ?" ಎಂದು ನಕ್ಕು ಕಿಟಕಿಯ ಗಾಜು ಏರಿಸಿದರು.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಅತ್ತೆಯೂ ಇಲ್ಲ, ಎತ್ತಿನ ಜೊತೆ ಮಾವನೂ ಹೋದರು. ಪ್ರತಿ ಚಳಿಗಾಲ ಆ ಊರಿಗೆ ಹೋಗುತ್ತೇವೆ. ದಯಾಮರಿ ಮದುವೆಯಾಗಲಿಲ್ಲ, ತುರುಬು ಬಿಚ್ಚಲಿಲ್ಲ. ಬೆಳಿಗ್ಗೆ ಶೌರಿ ಹಂಡೆಯ ಒಲೆ ಊದುತ್ತಾರೆ, ಎರಡು ಜಡೆಯ ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ನಾನು ಕಾಫಿ ಕೊಡುತ್ತೇನೆ. "ಅಜ್ಜಿ, ಇಷ್ಟು ವಯಸ್ಸಾದ ಮೇಲೆ ಚೌಲಿ ಹಾಕ್ಕೊಂಡು ಎರಡು ಜಡೆ ಯಾಕೆ?" ಎಂದು ಮೊಮ್ಮಗಳು ರೇಗಿಸುತ್ತಾಳೆ. ಒಂದೇ ಒಂದು ಚಳಿಗಾಲ ಜಡೆ ಬಿಚ್ಚಿ, ತುರುಬು ಕಟ್ಟಿಕೊಂಡು ಅವರೆದುರು ಓಡಾಡಿದರೆ ಸಾಕು, ಎಲ್ಲ ಗೊತ್ತಾಗಿಬಿಡುತ್ತದೆ. ಪ್ರತಿ ವರ್ಷ ಅಲ್ಲಿಗೆ ಹೋದ ಮೊದಲ ಬೆಳಿಗ್ಗೆ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ಕೂರುತ್ತೇನೆ, ಈ ಸಲ ತುರುಬೇ ಎಂದುಕೊಳ್ಳುತ್ತೇನೆ. ಹಿತ್ತಿಲಲ್ಲಿ ಅವರು ಸೌದೆ ಮುರಿಯುವ ಸದ್ದು ಕೇಳಿಸುತ್ತದೆ. ಆಮೇಲೆ ಚೌಲಿ ಎತ್ತಿಕೊಂಡು ಎರಡು ಜಡೆ ಹೆಣೆಯುತ್ತೇನೆ.